ಟ್ರ್ಯಾಕ್ಟರ್ ಧ್ವನಿವ್ಯವಸ್ಥೆ

ಟ್ರ್ಯಾಕ್ಟರ್ ಧ್ವನಿವ್ಯವಸ್ಥೆ ಎಂಬುದು ಟ್ರ್ಯಾಕ್ಟರಿನ ಬ್ಯಾಟರಿಯಿಂದ ವಿದ್ಯುತ್ ಪಡೆದು ಚಾಲಕನಿಗೆ ಹಾಡು ಕೇಳಿಸುವಂತೆ ಜೋಡಿಸಿದ ಪ್ಲೇಯರ್, ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳ ಸಮೂಹ. ಇದರಲ್ಲಿ ಬಳಕೆಯಾಗುವ ಸಾಮಗ್ರಿಯೆಲ್ಲ ಕಾರಿಗಾಗಿ ತಯಾರಾದದ್ದೇ. ಆದರೆ ಕಾರಿನಂತೆ ಮುಚ್ಚಿದ ಕೋಣೆ, ಗಾಜು, ಬಾಗಿಲು ಯಾವುದೂ ಟ್ರ್ಯಾಕ್ಟರಿಗೆ ಇಲ್ಲದಿರುವುದರಿಂದ ಆಯ್ಕೆ ಹಾಗೂ ಜೋಡಣೆಯ ಕ್ರಮ ಬೇರೆಯಾಗುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದನ್ನು ಇಂದಿಗೂ 'ಟೇಪ್' ಎಂದೇ ಕರೆಯುವುದುಂಟು. ಕ್ಯಾಸೆಟ್ಟು ಹೋಗಿ ಪೆನ್‌ಡ್ರೈವ್ ಮತ್ತು ಬ್ಲೂಟೂತ್ ಬಂದಿದ್ದರೂ ಹೆಸರು ಉಳಿದುಕೊಂಡಿದೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಾವರಿಯಿಂದ ಕಬ್ಬಿನ ನಾಡಾಗಿವೆ. ಬೀಳಗಿ ತಾಲ್ಲೂಕಿನ ಬಾಡಗಂಡಿ, ಜಮಖಂಡಿ ಭಾಗದ ಹಿರೇಪಡಸಲಗಿ, ಮುಧೋಳ, ಸಮೀರವಾಡಿ ಮೊದಲಾದೆಡೆ ಸಕ್ಕರೆ ಕಾರ್ಖಾನೆಗಳಿವೆ. ಮಳೆಗಾಲ ಮುಗಿದ ಬಳಿಕ ಕಬ್ಬು ನುರಿಸುವ ಹಂಗಾಮು ಆರಂಭವಾದರೆ ಬೇಸಿಗೆ ಕಾಲಿಡುವವರೆಗೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಗಲಿರುಳು ಈ ದಾರಿಗಳಲ್ಲಿ ಓಡಾಡುತ್ತವೆ. ಹೊಲದಲ್ಲಿ ಕಟಾವು ಗ್ಯಾಂಗಿಗಾಗಿ ಕಾಯುವುದು, ತುಂಬಿದ ಮೇಲೆ ನಿಧಾನವಾಗಿ ಸಾಗುವುದು, ಕಾರ್ಖಾನೆಯ ಆವರಣದಲ್ಲಿ ಸರದಿಗಾಗಿ ಮತ್ತೆ ಕಾಯುವುದು, ಇದು ಚಾಲಕನ ದಿನಚರಿ. ರಾತ್ರಿಯ ನಿದ್ದೆ ತಡೆಯಲು ಜಾನಪದ ಹಾಡೇ ಅವನ ಜೊತೆಗಾರ. ಟ್ರ್ಯಾಕ್ಟರಿಗೆ ಧ್ವನಿವ್ಯವಸ್ಥೆ ಬಂದದ್ದನ್ನು ಕೇವಲ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಶೋಕಿಯೂ ಇದೆ ಎಂಬುದು ಬೇರೆ ಮಾತು.

ಎಷ್ಟು ಜೋರು ಬೇಕು

ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಭಾರ ಎಳೆಯುವಾಗ ಚಾಲಕನ ಕಿವಿಯ ಬಳಿ ಎಂಜಿನ್ ಮತ್ತು ಸೈಲೆನ್ಸರಿನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್‌ನ ಆಸುಪಾಸಿನಲ್ಲಿರುತ್ತದೆ. ಹಾಡು ಅದನ್ನು ಮೀರಿ ಕೇಳಿಸಬೇಕೆಂಬುದೇ 'ಜೋರಾದ ಸ್ಪೀಕರ್' ಬೇಡಿಕೆಯ ಮೂಲ. ಕೊಳ್ಳುವವರು ಪೆಟ್ಟಿಗೆಯ ಮೇಲೆ ಮುದ್ರಿಸಿದ ವ್ಯಾಟ್ ಸಂಖ್ಯೆಯನ್ನು ನೋಡಿ ನಿರ್ಧರಿಸುತ್ತಾರೆ. ಆದರೆ ಸದ್ದಿನ ಪ್ರಮಾಣವನ್ನು ಆ ಸಂಖ್ಯೆಗಿಂತ ಹೆಚ್ಚಾಗಿ ನಿರ್ಣಯಿಸುವುದು ಸ್ಪೀಕರಿನ ಸಂವೇದನಾ ಮಟ್ಟ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅದು ಎಷ್ಟು ಡೆಸಿಬೆಲ್ ಸದ್ದು ಹೊರಡಿಸುತ್ತದೆ ಎಂಬುದು. ವ್ಯಾಟ್ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡು ಪಟ್ಟಾದಂತೆ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಹೀಗಾಗಿ 93 ಡೆಸಿಬೆಲ್ ಸಂವೇದನೆಯ ಸ್ಪೀಕರಿಗೆ 50 ವ್ಯಾಟ್ ಕೊಟ್ಟಾಗ ಬರುವ ಸದ್ದನ್ನು 87 ಡೆಸಿಬೆಲ್ ಸ್ಪೀಕರಿನಿಂದ ಪಡೆಯಲು 200 ವ್ಯಾಟ್ ಬೇಕಾಗುತ್ತದೆ.

ಪ್ಲೇಯರಿನ ಮೇಲೆ ಕಾಣುವ '50 ವ್ಯಾಟ್ × 4' ಎಂಬ ಬರಹವೂ ದಾರಿ ತಪ್ಪಿಸುವಂಥದ್ದು. ಎಂಜಿನ್ ಓಡುವಾಗ ದೊರೆಯುವ 14.4 ವೋಲ್ಟ್‌ನಿಂದ, ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದೆ, 4 ಓಮ್ ಸ್ಪೀಕರಿಗೆ ಸಿಗಬಹುದಾದ ಶುದ್ಧ ಸದ್ದಿನ ಶಕ್ತಿ ಲೆಕ್ಕದಲ್ಲಿ 26 ವ್ಯಾಟ್‌ಗಳನ್ನು ದಾಟುವುದಿಲ್ಲ. ಬಳಕೆಯಲ್ಲಿ ಅದು 20ರ ಸುತ್ತಮುತ್ತ ನಿಲ್ಲುತ್ತದೆ. ಹೋಲಿಕೆಗೆ ಆರ್‌ಎಂಎಸ್ ಎಂದು ನಮೂದಿಸಿದ ಸಂಖ್ಯೆಯನ್ನೇ ಪರಿಗಣಿಸಬೇಕು.

ಸ್ಥಾನ ಮತ್ತು ಪೆಟ್ಟಿಗೆ

ಬಯಲಿನಲ್ಲಿ ದೂರ ಅರ್ಧವಾದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಸ್ಪೀಕರನ್ನು ಕಿವಿಯಿಂದ ಒಂದು ಮೀಟರ್ ದೂರದಿಂದ ಅರ್ಧ ಮೀಟರಿಗೆ ತರುವುದು ನಾಲ್ಕು ಪಟ್ಟು ದೊಡ್ಡ ಆಂಪ್ಲಿಫೈಯರ್ ಕೊಂಡುದಕ್ಕೆ ಸಮ, ಖರ್ಚು ಮಾತ್ರ ಒಂದು ಕಬ್ಬಿಣದ ಪಟ್ಟಿಯದು. ಮೇಲ್ಛಾವಣಿಯ ಒಳಮೈಗೆ ಬಿಗಿದು ಚಾಲಕನತ್ತ ತಿರುಗಿಸಿದ ಎರಡು ಸಾಧಾರಣ ಸ್ಪೀಕರ್‌ಗಳು, ಮಡ್‌ಗಾರ್ಡ್ ಮೇಲೆ ಹಿಂದಕ್ಕೆ ಮುಖ ಮಾಡಿ ಕೂಡಿಸಿದ ನಾಲ್ಕು ದೊಡ್ಡ ಸ್ಪೀಕರ್‌ಗಳಿಗಿಂತ ಚಾಲಕನಿಗೆ ಚೆನ್ನಾಗಿ ಕೇಳಿಸುವುದು ಇದೇ ಕಾರಣದಿಂದ. ಹಿಂದಕ್ಕೆ ತಿರುಗಿಸಿದವು ದಾರಿಯ ಜನರಿಗೆ ಕೇಳಿಸಲೆಂದು ಇಟ್ಟವು.

ಕಾರಿನಲ್ಲಿ ಬಾಗಿಲೇ ಸ್ಪೀಕರಿನ ಪೆಟ್ಟಿಗೆಯಾಗುತ್ತದೆ. ಟ್ರ್ಯಾಕ್ಟರಿನಲ್ಲಿ ಸ್ಪೀಕರನ್ನು ಬರಿದಾಗಿ ತೂಗುಹಾಕಿದರೆ ಕೋನಿನ ಮುಂದಿನ ಮತ್ತು ಹಿಂದಿನ ಗಾಳಿಯ ಅಲೆಗಳು ಒಂದನ್ನೊಂದು ಅಳಿಸಿ, ಡೊಳ್ಳು-ಹಲಗೆಯ ಗುಡುಗು ಮಾಯವಾಗಿ ಬರಿಯ ಕಿರುಚು ಉಳಿಯುತ್ತದೆ. ಗಟ್ಟಿ ಪ್ಲೈವುಡ್ಡಿನ ಮುಚ್ಚಿದ ಪೆಟ್ಟಿಗೆ, ಸಂದುಗಳಿಗೆ ಅಂಟು, ಮುಂಭಾಗಕ್ಕೆ ಜಾಲರಿ ಇಷ್ಟು ಅಗತ್ಯ. ದೂಳು ಮತ್ತು ಇಬ್ಬನಿಯ ದೃಷ್ಟಿಯಿಂದ ಕಾಗದದ ಕೋನಿಗಿಂತ ಪಾಲಿಪ್ರೊಪಿಲೀನ್ ಕೋನ್ ಹೆಚ್ಚು ಬಾಳುತ್ತದೆ. ಸಭೆ-ಸಮಾರಂಭಗಳ ಕಹಳೆ ಆಕಾರದ ಹಾರ್ನ್ ಸ್ಪೀಕರ್‌ಗಳ ಸಂವೇದನೆ 100 ಡೆಸಿಬೆಲ್ ಮೀರುವುದು ನಿಜ. ಆದರೆ ಅವು ಮಾತಿಗಾಗಿ ರೂಪಿಸಿದವು, ಹಾಡಿನ ಕೆಳಸ್ವರಗಳು ಅವುಗಳಲ್ಲಿ ಬರುವುದಿಲ್ಲ.

ಎರಡು ಸ್ಪೀಕರ್‌ಗಳ ಧನ-ಋಣ ತಂತಿಗಳು ಅದಲುಬದಲಾದರೂ ಬೇಸ್ ಕ್ಷೀಣಿಸುತ್ತದೆ. 1.5 ವೋಲ್ಟಿನ ಶೆಲ್ಲನ್ನು ಕ್ಷಣಕಾಲ ತಾಗಿಸಿದಾಗ ಎರಡರ ಕೋನೂ ಒಂದೇ ದಿಕ್ಕಿಗೆ ಚಲಿಸಬೇಕು.

ವಿದ್ಯುತ್ ಮತ್ತು ತಂತಿ

ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿಯೇ. ಒಟ್ಟು 400 ವ್ಯಾಟ್ ಆರ್‌ಎಂಎಸ್ ಕೊಡುವ ಹಳೆಯ ಬಗೆಯ, ಅಂದರೆ ಎಬಿ ವರ್ಗದ ಆಂಪ್ಲಿಫೈಯರ್ ಪೂರ್ಣ ಸದ್ದಿನಲ್ಲಿ 50 ಆಂಪಿಯರ್‌ಗಿಂತ ಹೆಚ್ಚು ವಿದ್ಯುತ್ ಎಳೆಯಬಲ್ಲದು. ಡಿ ವರ್ಗದ್ದು ಸುಮಾರು 36 ಆಂಪಿಯರ್. ಅನೇಕ ಟ್ರ್ಯಾಕ್ಟರ್‌ಗಳ ಆಲ್ಟರ್ನೇಟರ್ ಸಾಮರ್ಥ್ಯವೇ 36 ಆಂಪಿಯರ್ ಆಸುಪಾಸಿನದು, ಅದರಲ್ಲಿ ದೀಪಗಳ ಪಾಲೂ ಇದೆ. ಹಾಡಿನಲ್ಲಿ ಸದ್ದು ಏರಿಳಿಯುವುದರಿಂದ ಸರಾಸರಿ ಬಳಕೆ ಇದಕ್ಕಿಂತ ಕಡಿಮೆ. ಆದರೂ ಕಾರ್ಖಾನೆಯ ಆವರಣದಲ್ಲಿ ಎಂಜಿನ್ ಆರಿಸಿ ರಾತ್ರಿಯೆಲ್ಲ ಹಾಡು ಹಚ್ಚಿದರೆ ಬೆಳಗಿನ ಜಾವ ಸರದಿ ಬಂದಾಗ ಸೆಲ್ಫ್ ತಿರುಗದೆ ಹಿಂದಿನ ಗಾಡಿಗಳೂ ನಿಲ್ಲುತ್ತವೆ. ಆಲ್ಟರ್ನೇಟರಿನ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಬೇಡುವ ಆಂಪ್ಲಿಫೈಯರನ್ನು ಹಾಕದಿರುವುದು ಒಳ್ಳೆಯದು.

ತಂತಿ ಸಪೂರವಾದರೆ ಸದ್ದೂ ಕುಗ್ಗುತ್ತದೆ, ತಂತಿಯೂ ಕಾಯುತ್ತದೆ. ಹೋಗಿಬರುವ ಒಟ್ಟು 10 ಮೀಟರ್ ಉದ್ದದ 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 50 ಆಂಪಿಯರ್ ಹರಿದರೆ 2 ವೋಲ್ಟ್‌ಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. 16 ಚದರ ಮಿಲಿಮೀಟರ್ ತಂತಿಯಲ್ಲಿ ಅರ್ಧ ವೋಲ್ಟ್ ಮಾತ್ರ. ಬ್ಯಾಟರಿಯ ಧನ ತುದಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಟ್ರ್ಯಾಕ್ಟರಿನ ಅದುರಿಗೆ ತಂತಿಯ ಹೊದಿಕೆ ಸವೆದು ಚಾಸಿಗೆ ತಾಗುವುದು ಅಪರೂಪವಲ್ಲ. ಬೆನ್ನ ಹಿಂದೆ ಒಣ ರವದಿ ಸಮೇತ ಕಬ್ಬು ಹೇರಿಕೊಂಡ ಗಾಡಿಗೆ ಒಂದು ಕಿಡಿ ಸಾಕು. ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತುವ ರೂಢಿ ಈ ವ್ಯವಸ್ಥೆಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು.

ಆಂಪ್ಲಿಫೈಯರಿನ ಗೇನ್ ತಿರುಗಣೆ ವಾಲ್ಯೂಮ್ ಅಲ್ಲ. ಪ್ಲೇಯರಿನ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಗೇನನ್ನು ಸದ್ದು ಒಡೆಯುವವರೆಗೆ ಏರಿಸಿ, ಅಲ್ಲಿಂದ ತುಸು ಇಳಿಸಿ ಬಿಡಬೇಕು. ಒಡೆದ ಸದ್ದಿನಲ್ಲೇ ಓಡಿಸಿದರೆ ಮೊದಲು ಸುಡುವುದು ಟ್ವೀಟರ್.

ಶ್ರವಣ ಮತ್ತು ರಸ್ತೆ ಸುರಕ್ಷತೆ

ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯ 1998ರ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ, ಮುಂದಿನ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ. 91ಕ್ಕೆ 2 ಗಂಟೆ, 100ಕ್ಕೆ 15 ನಿಮಿಷ. ಹಂಗಾಮಿನ ಚಾಲಕನು ಎಂಜಿನ್ ಒಂದರಿಂದಲೇ ಈ ಮಿತಿಯನ್ನು ದಾಟಿರುತ್ತಾನೆ. ಹಾಡು ಅದರ ಮೇಲಿನ ಹೊರೆ. ಈ ನಷ್ಟ ನೋವಿಲ್ಲದೆ ಬರುತ್ತದೆ, ಬಂದದ್ದು ಮರಳುವುದಿಲ್ಲ.

ಇನ್ನೂ ತತ್‌ಕ್ಷಣದ ಅಪಾಯ ರಸ್ತೆಯದು. ಎರಡು ಟ್ರೇಲರ್ ತುಂಬ ಕಬ್ಬು ಹೇರಿದಾಗ ಹಿಂದಿನ ದಾರಿ ಕನ್ನಡಿಯಲ್ಲಿ ಕಾಣುವುದಿಲ್ಲ. ಹಿಂದಿನ ವಾಹನದ ಹಾರ್ನ್, ಟ್ರೇಲರಿನ ಕೊಂಡಿ ಕಳಚಿದ ಸದ್ದು, ಟೈರ್ ಒಡೆದದ್ದು, 'ನಿಲ್ಲಿಸು' ಎಂಬ ಕೂಗು ಎಲ್ಲವನ್ನೂ ಚಾಲಕ ಕಿವಿಯಿಂದಲೇ ತಿಳಿಯಬೇಕು. ಆದ್ದರಿಂದ ಪೂರ್ತಿ ಜೋಡಣೆಯಾದ ಮೇಲೆ ಒಂದು ಪರೀಕ್ಷೆ ಮಾಡುವುದು ಅಗತ್ಯ: ಎಂಜಿನ್ ಓಡುತ್ತಿರುವಾಗ, ಹಾಡು ನಡೆಯುತ್ತಿರುವಾಗ, ಟ್ರೇಲರಿನ ಹಿಂದೆ ನಿಲ್ಲಿಸಿದ ಬೈಕಿನ ಹಾರ್ನ್ ಚಾಲಕನಿಗೆ ಕೇಳಿಸಬೇಕು. ಕೇಳಿಸದಿದ್ದರೆ ಕೇಳಿಸುವ ಮಟ್ಟಕ್ಕೆ ವಾಲ್ಯೂಮ್ ಇಳಿಸಿ ಆ ಸ್ಥಾನಕ್ಕೆ ಬಣ್ಣದ ಗುರುತು ಹಾಕಲಾಗುತ್ತದೆ. ಊರೊಳಗೆ ಹಾಯುವಾಗ ಮತ್ತು ಗಾಡಿ ಹಿಂದಕ್ಕೆ ತೆಗೆಯುವಾಗ ಹಾಡನ್ನು ಪೂರ್ತಿ ನಿಲ್ಲಿಸಬೇಕು.

ಕಾನೂನು

ಶಬ್ದಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಸದ್ದಿನ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಧ್ವನಿವರ್ಧಕ ಬಳಕೆಗೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಅದಕ್ಕೆ ನಿರ್ಬಂಧವಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದಾಗಿದ್ದು, ಅಲ್ಲಿ ಮಿತಿ ಇನ್ನೂ ಕಡಿಮೆ. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ನಿರ್ಬಂಧಗಳನ್ನು ಬಲಪಡಿಸಿತು. ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮು ನಿಷೇಧಿಸುತ್ತದೆ. ಚಾಲಕನತ್ತ ಮುಖ ಮಾಡಿದ ಸಣ್ಣ ಜೋಡಿ ಸ್ಪೀಕರ್ ತನ್ನ ಸದ್ದನ್ನು ಬಹುಮಟ್ಟಿಗೆ ಆಸನದ ಸುತ್ತಲೇ ಉಳಿಸಿಕೊಳ್ಳುತ್ತದೆ. ಹಿಂದಕ್ಕೆ ತಿರುಗಿಸಿದ ಸಾಲು ಪೆಟ್ಟಿಗೆಗಳು ರಾತ್ರಿ ಊರು ಹಾಯುವಾಗ ಈ ಮಿತಿಯನ್ನು ಮೀರದೆ ಇರಲಾರವು.