ಜೀವಕೋಶದ ಗಾತ್ರ

ಸಸ್ಯ ಮತ್ತು ಪ್ರಾಣಿಗಳ ಬಹುತೇಕ ಜೀವಕೋಶಗಳು 10ರಿಂದ 100 ಮೈಕ್ರೋಮೀಟರ್ ಅಳತೆಯವು. ಬ್ಯಾಕ್ಟೀರಿಯಗಳು ಸಾಮಾನ್ಯವಾಗಿ ಇನ್ನೂ ಚಿಕ್ಕವು. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ದೊಡ್ಡ ಪ್ರಾಣಿಗೆ ದೊಡ್ಡ ಜೀವಕೋಶಗಳಿರುತ್ತವೆ ಎಂಬ ಭಾವನೆ ಸರಿಯಲ್ಲ. ಆನೆಯ ಯಕೃತ್ತಿನ ಜೀವಕೋಶಕ್ಕೂ ಇಲಿಯ ಯಕೃತ್ತಿನ ಜೀವಕೋಶಕ್ಕೂ ಗಾತ್ರದಲ್ಲಿ ಹೆಚ್ಚಿನ ಅಂತರವಿಲ್ಲ. ಆನೆಯಲ್ಲಿ ಅವುಗಳ ಸಂಖ್ಯೆ ಹೆಚ್ಚು, ಅಷ್ಟೆ.

ಮೇಲ್ಮೈ ಮತ್ತು ಘನಫಲ

ಆಮ್ಲಜನಕ ಮತ್ತು ಆಹಾರಾಂಶಗಳು ಜೀವಕೋಶದೊಳಗೆ ಬರುವುದೂ ತ್ಯಾಜ್ಯವು ಹೊರಹೋಗುವುದೂ ಕೋಶಪೊರೆಯ ಮೂಲಕವೇ. ಅಗತ್ಯ ಎಷ್ಟೆಂಬುದು ಒಳಗಿನ ಘನಫಲವನ್ನೂ, ಪೂರೈಕೆ ಎಷ್ಟೆಂಬುದು ಹೊರಮೈಯ ವಿಸ್ತೀರ್ಣವನ್ನೂ ಅವಲಂಬಿಸಿದೆ. ಇವೆರಡೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಬದಿಯ ಉದ್ದ 1 ಸೆಂ.ಮೀ. ಇರುವ ಘನಾಕೃತಿಯ ಮೇಲ್ಮೈ 6 ಚದರ ಸೆಂ.ಮೀ., ಘನಫಲ 1 ಘನ ಸೆಂ.ಮೀ. ಬದಿಯನ್ನು 10 ಸೆಂ.ಮೀ.ಗೆ ಹೆಚ್ಚಿಸಿದರೆ ಮೇಲ್ಮೈ 600 ಆಗುತ್ತದೆ, ಘನಫಲವಾದರೋ 1000 ಆಗುತ್ತದೆ. ಅಂದರೆ ಪ್ರತಿ ಘನ ಸೆಂ.ಮೀ.ಗೆ ದೊರೆಯುವ ಮೇಲ್ಮೈ 6ರಿಂದ 0.6ಕ್ಕೆ ಇಳಿಯುತ್ತದೆ. ದೊಡ್ಡ ಪ್ರಾಣಿಗಳ ಮೂಳೆಗಳು ಏಕೆ ಹೆಚ್ಚು ದಪ್ಪವಾಗಿರಬೇಕು ಎಂಬುದನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದೂ ಇದೇ ವರ್ಗ–ಘನ ಸಂಬಂಧದಿಂದ.

ಪೊರೆಯನ್ನು ದಾಟಿದ ಚಿಕ್ಕ ಅಣುಗಳು ಒಳಗೆ ಹರಡುವುದು ಮುಖ್ಯವಾಗಿ ವಿಸರಣೆಯಿಂದ. ಇಲ್ಲಿ ದೂರ 10 ಪಟ್ಟಾದರೆ ಕಾಲ ಸುಮಾರು 100 ಪಟ್ಟಾಗುತ್ತದೆ. ಆದುದರಿಂದ ಜೀವಕೋಶವು ಹಿಗ್ಗಿದಂತೆ ಅದರ ನಡುಭಾಗಕ್ಕೆ ಆಮ್ಲಜನಕ ತಲುಪುವುದು ತಡವಾಗುತ್ತದೆ. ಒಂದು ಕೋಶಕೇಂದ್ರವು ನಿಯಂತ್ರಿಸಬಲ್ಲ ಕೋಶದ್ರವ್ಯಕ್ಕೂ ಮಿತಿಯುಂಟು.

ಅಪವಾದಗಳು

ಮಿತಿಯನ್ನು ಮೀರಿದಂತೆ ಕಾಣುವ ಜೀವಕೋಶಗಳು ಈ ತೊಡಕಿಗೆ ಬೇರೆ ಬೇರೆ ಪರಿಹಾರಗಳನ್ನು ಕಂಡುಕೊಂಡಿವೆ. ಮನುಷ್ಯನ ಕೆಲವು ನರಕೋಶಗಳ ತಂತು ಒಂದು ಮೀಟರಿನಷ್ಟು ಉದ್ದವಿದ್ದರೂ ಬಹು ಸಪೂರ. ಉಷ್ಟ್ರಪಕ್ಷಿಯ ಮೊಟ್ಟೆಯನ್ನು ಅತಿ ದೊಡ್ಡ ಜೀವಕೋಶವೆಂದು ಪಠ್ಯಗಳಲ್ಲಿ ಹೇಳುವುದುಂಟು. ವಾಸ್ತವವಾಗಿ ಅದರ ಹಳದಿ ಭಾಗವಷ್ಟೇ ಅಂಡಕೋಶ, ಅದರಲ್ಲಿಯೂ ಬಹುಪಾಲು ಆಹಾರದ ದಾಸ್ತಾನು. ನಮೀಬಿಯಾದ ಕರಾವಳಿಯಲ್ಲಿ ದೊರೆತು 1999ರಲ್ಲಿ ವಿವರಿಸಲ್ಪಟ್ಟ ಥಿಯೋಮಾರ್ಗರಿಟಾ ನಮೀಬಿಯೆನ್ಸಿಸ್ ಎಂಬ ಬ್ಯಾಕ್ಟೀರಿಯವು 0.75 ಮಿ.ಮೀ.ವರೆಗೂ ಬೆಳೆಯಬಲ್ಲದು. ಆದರೆ ಅದರ ಒಳಭಾಗವೆಲ್ಲ ನೈಟ್ರೇಟ್ ತುಂಬಿದ ರಸದಾನಿ. ಜೀವದ್ರವ್ಯವು ಅಂಚಿನಲ್ಲಿ ತೆಳುಪದರವಾಗಿ ಮಾತ್ರ ಉಳಿದಿದೆ.

ಕೆರೆಕುಂಟೆಗಳಲ್ಲಿ ಬೆಳೆಯುವ ಕಾರಾ ಎಂಬ ಪಾಚಿಯ ಗೆಣ್ಣುಗಳ ನಡುವಿನ ಒಂದೊಂದು ಜೀವಕೋಶವೂ ಕೆಲವು ಸೆಂಟಿಮೀಟರ್ ಉದ್ದವಿರುತ್ತದೆ. ಅದು ವಿಸರಣೆಯನ್ನು ಮಾತ್ರವೇ ನೆಚ್ಚಿಕೊಂಡಿಲ್ಲ. ಅದರ ಕೋಶದ್ರವ್ಯವು ಎಡೆಬಿಡದೆ ಸುತ್ತುತ್ತಿರುತ್ತದೆ. ಈ ಹರಿವನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೂ ಕಾಣಬಹುದು.