ವಿಶ್ವಕರ್ಮ: ಕುಲುಮೆಯ ದೇವರು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಎರೆಹೊಲಗಳಿಗೆ ರಂಟೆ, ಕುಂಟೆ, ಕೂರಿಗೆಗಳನ್ನು ತಲೆತಲಾಂತರದಿಂದ ಮಾಡಿಕೊಟ್ಟವರು ಊರಿನ ಬಡಿಗೇರರು ಮತ್ತು ಕಂಬಾರರು. ಇವರ ಮೂಲಪುರುಷ ವಿಶ್ವಕರ್ಮ, ಕುಲದೇವತೆ ಕಾಳಿಕಾದೇವಿ. ಬೆಳಗಾವಿ ಜಿಲ್ಲೆಯ ಸಿರಸಂಗಿ ಕಾಳಮ್ಮ ಈ ಸಮಾಜದ ದೊಡ್ಡ ಶಕ್ತಿಪೀಠ.

ಐದು ಮುಖ, ಐದು ಕಸುಬು

ವಿಶ್ವಕರ್ಮನಿಗೆ ಐದು ಮುಖಗಳು; ಒಂದೊಂದರಿಂದ ಒಬ್ಬ ಋಷಿ, ಒಂದು ಕಸುಬು ಹುಟ್ಟಿತೆಂಬುದು ಸಮಾಜದ ನಂಬಿಕೆ. ಮನುವಿನದು ಕಬ್ಬಿಣ, ಮಯನದು ಮರ, ತ್ವಷ್ಟನದು ಕಂಚು–ತಾಮ್ರ, ಶಿಲ್ಪಿಯದು ಕಲ್ಲು, ವಿಶ್ವಜ್ಞನದು ಚಿನ್ನ. ಸಾನಗ, ಸನಾತನ, ಅಹಭೂನ, ಪ್ರತ್ನ, ಸುಪರ್ಣ ಎಂಬ ಐದು ಗೋತ್ರಗಳೂ ಇದೇ ಕ್ರಮದಲ್ಲಿವೆ. ಈ ಸಮಾಜಕ್ಕಿರುವ ಪಾಂಚಾಳರೆಂಬ ಹೆಸರು ಈ ಐದರ ಲೆಕ್ಕಕ್ಕೆ ಹೊಂದುತ್ತದೆ. ಕಂಬಾರ, ಬಡಿಗೇರ, ಕಂಚಗಾರ, ಶಿಲ್ಪಿ, ಪತ್ತಾರ ಎಂಬ ಅಡ್ಡಹೆಸರುಗಳು ಈ ಭಾಗದಲ್ಲಿ ಇಂದಿಗೂ ಬಳಕೆಯಲ್ಲಿವೆ.

ದೇವತೆಗಳ ಆಯುಧಶಾಲೆ

ಋಗ್ವೇದದಲ್ಲಿ ಇಂದ್ರನಿಗೆ ವಜ್ರಾಯುಧ ಮಾಡಿಕೊಟ್ಟವನು ತ್ವಷ್ಟೃ. ಮುಂದೆ ಪುರಾಣಗಳು ಆ ಕೆಲಸವನ್ನೆಲ್ಲ ವಿಶ್ವಕರ್ಮನಿಗೆ ವಹಿಸಿದವು. ಮಗಳು ಸಂಜ್ಞೆ ಗಂಡನಾದ ಸೂರ್ಯನ ತಾಪ ತಾಳಲಾರದೆ ಹೋದಾಗ ವಿಶ್ವಕರ್ಮ ಅವನ ತೇಜಸ್ಸನ್ನು ಹೆರೆದು ತಗ್ಗಿಸಿದ. ಹೆರೆದದ್ದರಿಂದ ವಿಷ್ಣುವಿನ ಚಕ್ರ, ಶಿವನ ತ್ರಿಶೂಲಗಳನ್ನು ಮಾಡಿದ.

ಐರ್ಲೆಂಡಿನ ಮೂವರು

ದೂರದ ಐರ್ಲೆಂಡಿನ ಪುರಾಣದಲ್ಲೂ ದೈವೀ ಕಮ್ಮಾರನಿದ್ದಾನೆ, ಹೆಸರು ಗೊವ್ನ್ಯು. ಮೊಯ್ಟುರಾ ಯುದ್ಧದಲ್ಲಿ ಅವನು ಮೂರೇ ಪೆಟ್ಟಿಗೆ ಈಟಿಯ ಮೊನೆ ಬಡಿಯುತ್ತಿದ್ದ, ಬಡಗಿ ಲುಖ್ತ ಕಾವು ಕೂರಿಸುತ್ತಿದ್ದ, ಕಂಚಗಾರ ಕ್ರೆದ್ನೆ ಮೊಳೆ ಜಡಿಯುತ್ತಿದ್ದ. ಕೈ ಕಳೆದುಕೊಂಡ ರಾಜ ನುವಾದನಿಗೆ ಬೆಳ್ಳಿಯ ಕೈ ಜೋಡಿಸಿದ್ದು ವೈದ್ಯ ದಿಯಾನ್ ಕೆಖ್ತ್. ಅದಕ್ಕೆ ನೆರವಾದವನೂ ಕ್ರೆದ್ನೆಯೇ. ಗೊವ್ನ್ಯುವಿನ ಔತಣದಲ್ಲಿ ಪಾನ ಮಾಡಿದವರಿಗೆ ಮುಪ್ಪು, ಸಾವು ಇಲ್ಲ. ಒಂದು ಸಲಕರಣೆಗೆ ಹಲವು ಕಸುಬಿನ ಕೈ ಕೂಡಬೇಕೆಂಬ ತಿಳಿವಳಿಕೆ ಎರಡೂ ಕಡೆ ಒಂದೇ. ಅಲ್ಲಿ ಕೂಡಿ ಮಾಡಿದ್ದು ಈಟಿ. ನಮ್ಮ ಊರುಗಳಲ್ಲಿ ಬಡಿಗೇರನ ಮರಕ್ಕೆ ಕಂಬಾರನ ಕುಡ ಸೇರಿ ಆದದ್ದು ಕುಂಟೆ.

ತಿಂಥಣಿಯ ಮೌನೇಶ್ವರ

ಮುದ್ದೇಬಿಹಾಳ ಸೀಮೆಯಿಂದ ಪೂರ್ವಕ್ಕೆ, ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದೆ ತಿಂಥಣಿ. ಇಲ್ಲಿ ನೆಲೆನಿಂತ ಮೌನೇಶ್ವರರು ವಿಶ್ವಕರ್ಮ ಸಮಾಜದಲ್ಲಿ ಹುಟ್ಟಿ ವಚನಗಳನ್ನು ರಚಿಸಿದ ಸಂತರು. ಹಿಂದೂ–ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗುಡಿಯಿದು. ಸುತ್ತಲಿನ ಜಿಲ್ಲೆಗಳಲ್ಲಿ ಮೌನೇಶ, ಮೋನಪ್ಪ ಎಂದು ಮಕ್ಕಳಿಗೆ ಹೆಸರಿಡುವುದು ಈ ಭಕ್ತಿಯಿಂದಲೇ.

ಬಾಗೇವಾಡಿಯ ಬಸವಣ್ಣ, ಬಾಚಿಯ ಬಸವಯ್ಯ

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ 12ನೇ ಶತಮಾನದಲ್ಲಿ, ಕಸುಬು ಹುಟ್ಟಿನಿಂದ ಬರುತ್ತದೆಂಬ ವಿಚಾರಕ್ಕೆ ಬೇರೆ ದಿಕ್ಕು ಕೊಟ್ಟರು. ಕಬ್ಬಿಣ ಕಾಸುವ ಕೆಲಸವೇ ಕಮ್ಮಾರನನ್ನು ಮಾಡುತ್ತದೆ, ಹುಟ್ಟಲ್ಲ ಎಂಬುದು ಅವರ ನಿಲುವು. ಬಾಚಿ ಹಿಡಿದು ಮರಗೆಲಸ ಮಾಡುತ್ತಿದ್ದ ಶರಣ ಬಾಚಿಕಾಯಕದ ಬಸವಯ್ಯ ತನ್ನ ಅಂಕಿತದಲ್ಲಿ ಬಸವಣ್ಣ, ವಿಶ್ವಕರ್ಮ, ಕಾಳಿಕಾ ಮೂರೂ ಹೆಸರುಗಳನ್ನು ಸೇರಿಸಿಕೊಂಡ. ಕುಲದ ದೇವರನ್ನು ಬಿಡದೆಯೇ ಅವನು ಕಾಯಕದ ದಾರಿ ಹಿಡಿದ.

ಆಯದಿಂದ ಸಾಲದವರೆಗೆ

ಹಿಂದೆ ಕಂಬಾರ, ಬಡಿಗೇರರು ಊರಿನ ಆಯಗಾರರು. ವರ್ಷವಿಡೀ ರೈತರ ಸಲಕರಣೆ ಸರಿಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಶಿಯಿಂದ ಜೋಳದ ಆಯ ಪಡೆಯುತ್ತಿದ್ದರು. ಟ್ರ್ಯಾಕ್ಟರು, ಕಾರ್ಖಾನೆಯ ಸಲಕರಣೆಗಳು ಬಂದ ಮೇಲೆ ಆ ಸಂಬಂಧ ಸಡಿಲಿತು. ಎಷ್ಟೋ ಕಂಬಾರರು ವೆಲ್ಡಿಂಗ್ ಕೆಲಸಕ್ಕೆ ಹೊರಳಿದರು. ರಾಜ್ಯ ಸರ್ಕಾರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಜಯಂತಿ ಆಚರಿಸುತ್ತದೆ. 2023ರ ಅದೇ ದಿನ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ ಕಮ್ಮಾರಿಕೆ, ಬಡಗಿತನ, ಅಕ್ಕಸಾಲಿಕೆ ಸೇರಿ 18 ಕಸುಬುಗಳಿಗೆ ಅನ್ವಯಿಸುತ್ತದೆ. ತರಬೇತಿ, ಸಲಕರಣೆಗೆ 15,000 ರೂಪಾಯಿ, ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ ಇದರ ಸೌಲಭ್ಯಗಳು.