ಬ್ರಿಸ್ಟಲ್ ನಗರ ಪಾಲಿಕೆ ಚುನಾವಣೆ, 2024

ಇಂಗ್ಲೆಂಡಿನ ನೈರುತ್ಯ ಭಾಗದ ಬಂದರು ನಗರ ಬ್ರಿಸ್ಟಲ್. ಅದರ ಪಾಲಿಕೆಗೆ 2024ರ ಮೇ 2ರ ಗುರುವಾರ ಚುನಾವಣೆ ನಡೆಯಿತು. 34 ವಾರ್ಡುಗಳ 70 ಸ್ಥಾನಗಳ ಪೈಕಿ ಗ್ರೀನ್ ಪಕ್ಷ 34, ಲೇಬರ್ ಪಕ್ಷ 21, ಲಿಬರಲ್ ಡೆಮಾಕ್ರಟ್ ಪಕ್ಷ 8 ಮತ್ತು ಕನ್ಸರ್ವೇಟಿವ್ ಪಕ್ಷ 7 ಸ್ಥಾನ ಗೆದ್ದವು. ಬಹುಮತಕ್ಕೆ 36 ಬೇಕಿತ್ತು. ಗ್ರೀನ್ ಪಕ್ಷಕ್ಕೆ ಎರಡು ಸ್ಥಾನ ಕಡಿಮೆ ಬಿದ್ದು ಪಾಲಿಕೆ ಅತಂತ್ರವಾಯಿತು. ಆ ಪಕ್ಷದ ಟೋನಿ ಡೈಯರ್ ಪಾಲಿಕೆಯ ನಾಯಕರಾದರು.

ಫಲಿತಾಂಶದ ಪಟ್ಟಿ ಇಷ್ಟೇ. ಇದರ ಮಹತ್ವ ತಿಳಿಯಲು ಇನ್ನೊಂದು ಸಂಗತಿಯನ್ನು ಜೊತೆಗಿಟ್ಟು ನೋಡಬೇಕು. ಹನ್ನೆರಡು ವರ್ಷ ನಗರವನ್ನು ನಡೆಸಿದ ಮೇಯರ್ ಹುದ್ದೆ ಈ ಚುನಾವಣೆಯೊಂದಿಗೆ ಇಲ್ಲವಾಯಿತು. ಜನ ನೇರವಾಗಿ ಆರಿಸುತ್ತಿದ್ದ ಆ ಹುದ್ದೆಯನ್ನು ಬೇಡವೆಂದವರೂ ಜನರೇ. ಹೀಗಾಗಿ ವಾರ್ಡಿನಿಂದ ಗೆದ್ದುಬರುವ ಸದಸ್ಯನ ಮತಕ್ಕೆ 2012ರಿಂದ ಇಲ್ಲದಿದ್ದ ತೂಕ 2024ರಲ್ಲಿ ಮರಳಿ ಬಂತು.

ಬ್ರಿಸ್ಟಲ್ 2021ರ ಜನಗಣತಿಯ ಪ್ರಕಾರ ಸುಮಾರು 4.72 ಲಕ್ಷ ಜನರ ಊರು. 1373ರಲ್ಲಿ ದೊರೆ ಮೂರನೆಯ ಎಡ್ವರ್ಡ್ ಕೊಟ್ಟ ಸನ್ನದಿನಿಂದ ಅದಕ್ಕೆ ಪ್ರತ್ಯೇಕ ಕೌಂಟಿಯ ಸ್ಥಾನ ಸಿಕ್ಕಿತ್ತು. 1974ರಲ್ಲಿ ಏವನ್ ಕೌಂಟಿಯೊಳಗೆ ಸೇರಿಸಲಾಯಿತು. 1996ರಲ್ಲಿ ಆ ಕೌಂಟಿಯೇ ರದ್ದಾದಾಗ ಪಾಲಿಕೆ ಮತ್ತೆ ಸ್ವತಂತ್ರವಾಯಿತು. ಶಾಲೆ, ವೃದ್ಧರ ಆರೈಕೆ, ಬಾಡಿಗೆ ಮನೆ, ರಸ್ತೆ, ಗ್ರಂಥಾಲಯ, ಕಸ ವಿಲೇವಾರಿ ಎಲ್ಲವೂ ಈ ಒಂದೇ ಸಂಸ್ಥೆಯ ಕೈಯಲ್ಲಿವೆ. ಅದು ಕೂಡುವ ಕಮಾನಿನಾಕಾರದ ಕಟ್ಟಡ ಕಾಲೇಜ್ ಗ್ರೀನ್ ಎಂಬ ಬಯಲಿಗೆ ಮುಖಮಾಡಿದೆ. 1833ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರ ಪ್ರತಿಮೆಯೂ ಆ ಬಯಲಿನ ಅಂಚಿನಲ್ಲಿದೆ. ಚುನಾಯಿತ ಪ್ರತಿನಿಧಿ ಮತದಾರನ ಮಾತಿನಂತೆ ನಡೆಯಬೇಕೇ, ಸ್ವಂತ ವಿವೇಕದಂತೆ ನಡೆಯಬೇಕೇ ಎಂಬ ಪ್ರಶ್ನೆ ಈ ನಗರಕ್ಕೆ ಹಳೆಯದು. 1774ರಲ್ಲಿ ಇಲ್ಲಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ ಎಡ್ಮಂಡ್ ಬರ್ಕ್ ಸ್ವಂತ ವಿವೇಕದ ಪರವಾಗಿ ಮತದಾರರೆದುರೇ ಭಾಷಣ ಮಾಡಿದ್ದ. ಆರು ವರ್ಷಗಳ ಬಳಿಕ ಅದೇ ಮತದಾರರ ಬೆಂಬಲ ಕಳೆದುಕೊಂಡು ಕಣದಿಂದ ಹಿಂದೆ ಸರಿದ.

ಮೇಯರ್ ಬಂದದ್ದು, ಹೋದದ್ದು

ದೊಡ್ಡ ನಗರಗಳಿಗೆ ನೇರವಾಗಿ ಚುನಾಯಿತನಾದ ಮೇಯರ್ ಬೇಕೆಂಬುದು ಡೇವಿಡ್ ಕ್ಯಾಮರೂನ್ ಸರ್ಕಾರದ ಆಸೆಯಾಗಿತ್ತು. 2012ರ ಮೇ 3ರಂದು ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್, ಶೆಫೀಲ್ಡ್ ಸೇರಿ ಹತ್ತು ನಗರಗಳಲ್ಲಿ ಇದರ ಬಗ್ಗೆ ಜನಮತಗಣನೆ ನಡೆಯಿತು. ಒಂಬತ್ತು ನಗರಗಳು ಬೇಡವೆಂದವು. ಬೇಕೆಂದದ್ದು ಬ್ರಿಸ್ಟಲ್ ಒಂದೇ. ಅಲ್ಲಿಯೂ ಮತಗಟ್ಟೆಗೆ ಬಂದವರು ನಾಲ್ಕರಲ್ಲಿ ಒಬ್ಬರಷ್ಟೇ. ಗೆಲುವಿನ ಅಂತರ ಸುಮಾರು ಐದು ಸಾವಿರ ಮತ.

ಅದೇ ನವೆಂಬರಿನಲ್ಲಿ ವಾಸ್ತುಶಿಲ್ಪಿ ಜಾರ್ಜ್ ಫರ್ಗ್ಯುಸನ್ ಪಕ್ಷೇತರರಾಗಿ ನಿಂತು ಮೊದಲ ಮೇಯರ್ ಆದರು. ಕೆಂಪು ಪ್ಯಾಂಟಿನಿಂದ ಊರಿಗೆಲ್ಲ ಗುರುತಾಗಿದ್ದ ಅವರು, ಆ ವರ್ಷವಷ್ಟೇ ಚಾಲ್ತಿಗೆ ಬಂದಿದ್ದ ‘ಬ್ರಿಸ್ಟಲ್ ಪೌಂಡ್’ ಎಂಬ ಸ್ಥಳೀಯ ನೋಟಿನಲ್ಲೇ ಸಂಬಳ ಪಡೆಯುವುದಾಗಿ ಹೇಳಿದ್ದರು. 2016ರಲ್ಲಿ ಅವರನ್ನು ಸೋಲಿಸಿದವರು ಲೇಬರ್ ಪಕ್ಷದ ಮಾರ್ವಿನ್ ರೀಸ್. ಜಮೈಕಾದ ತಂದೆಯ ಮಗನಾದ ರೀಸ್, ಯುರೋಪಿನ ದೊಡ್ಡ ನಗರವೊಂದಕ್ಕೆ ಜನರೇ ನೇರವಾಗಿ ಆರಿಸಿದ ಮೊದಲ ಕಪ್ಪು ಮೇಯರ್. ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್ಸ್‌ಟನ್‌ನ ಪ್ರತಿಮೆಯನ್ನು 2020ರ ಜೂನ್ 7ರಂದು ಪ್ರತಿಭಟನಕಾರರು ಕೆಡವಿ ಬಂದರಿನ ನೀರಿಗೆ ತಳ್ಳಿದಾಗ ನಗರದ ಹೊಣೆ ಅವರ ಮೇಲಿತ್ತು. ಆ ದಿನಗಳನ್ನು ಅವರು ಸಮಾಧಾನದಿಂದ ನಿಭಾಯಿಸಿದ ರೀತಿ ಮೆಚ್ಚುವಂಥದು.

ಆದರೆ ಮೇಯರ್ ವ್ಯವಸ್ಥೆಯ ಗಂಟು ವ್ಯಕ್ತಿಯಲ್ಲಿರಲಿಲ್ಲ, ಕಾನೂನಿನಲ್ಲಿತ್ತು. ಸಂಪುಟವನ್ನು ಮೇಯರ್ ತಾವೇ ಆರಿಸಬಹುದಿತ್ತು. ಹೆಚ್ಚಿನ ತೀರ್ಮಾನಗಳಿಗೆ ಪಾಲಿಕೆಯ ಒಪ್ಪಿಗೆ ಬೇಕಿರಲಿಲ್ಲ. ಅವರ ಬಜೆಟ್ಟನ್ನು ಬದಲಿಸಬೇಕಾದರೆ ಮತ ಹಾಕಿದ ಸದಸ್ಯರಲ್ಲಿ ಮೂರನೆಯ ಎರಡು ಭಾಗ ಒಟ್ಟಾಗಬೇಕಿತ್ತು. ಎಲ್ಲ 70 ಮಂದಿ ಹಾಜರಿದ್ದರೆ 47 ಮತ. 2018ರಲ್ಲಿ ಟೆಂಪಲ್ ಮೀಡ್ಸ್ ರೈಲು ನಿಲ್ದಾಣದ ಬಳಿ ಕಟ್ಟಬೇಕಿದ್ದ ಬೃಹತ್ ಸಭಾಂಗಣದ ಯೋಜನೆಯನ್ನು ಮೇಯರ್ ಕೈಬಿಟ್ಟದ್ದು, ಅದು ಅಲ್ಲಿಯೇ ಆಗಲಿ ಎಂದು ಪಾಲಿಕೆ ಮತ ಹಾಕಿದ ಬೆನ್ನಿಗೇ. ಕಾನೂನಿನ ಪ್ರಕಾರ ಅವರು ಮಾಡಿದ್ದು ಸರಿ. ಆದರೆ ತಮ್ಮ ವಾರ್ಡಿನವರ ಮಾತು ಯಾವ ಬಾಗಿಲ ಬಳಿ ನಿಂತುಹೋಗುತ್ತದೆ ಎಂಬುದನ್ನು ಜನ ಕಂಡರು. ಪಾಲಿಕೆಯ ಸ್ವಂತ ವಿದ್ಯುತ್ ಕಂಪನಿ ಕೋಟಿಗಟ್ಟಲೆ ಪೌಂಡ್ ನಷ್ಟಮಾಡಿಕೊಂಡು 2020ರಲ್ಲಿ ಮಾರಾಟವಾದದ್ದು, ಸಂಗೀತ ಸಭಾಂಗಣ ಬ್ರಿಸ್ಟಲ್ ಬೀಕನ್‌ನ ನವೀಕರಣದ ವೆಚ್ಚ 4.88 ಕೋಟಿ ಪೌಂಡಿನಿಂದ ಸುಮಾರು 13.2 ಕೋಟಿಗೆ ಏರಿದ್ದು ಈ ಅಸಮಾಧಾನಕ್ಕೆ ತುಪ್ಪ ಸುರಿದವು.

2022ರ ಮೇ 5ರಂದು ಮತ್ತೆ ಜನಮತಗಣನೆ. ಈ ಸಲ ಶೇ. 59ರಷ್ಟು ಮತ, ಮೇಯರ್ ಬದಲು ಸದಸ್ಯರ ಸಮಿತಿಗಳೇ ತೀರ್ಮಾನಿಸುವ ಸಮಿತಿ ಪದ್ಧತಿಯ ಪರವಾಗಿ ಬಿತ್ತು. ಶೆಫೀಲ್ಡ್ ಹಿಂದಿನ ವರ್ಷವೇ ಇಂಥ ತೀರ್ಪು ಕೊಟ್ಟಿತ್ತು, ಆದರೆ ಅಲ್ಲಿ ಕೈಬಿಟ್ಟದ್ದು ನಾಯಕ ಮತ್ತು ಸಂಪುಟದ ಪದ್ಧತಿಯನ್ನು. ರೀಸ್ ಅವಧಿ ಮುಗಿಯುವ 2024ರ ಮೇ ತಿಂಗಳಿಂದ ಹೊಸ ಪದ್ಧತಿ ಜಾರಿ ಎಂದು ನಿಗದಿಯಾಯಿತು.

ಮತದಾನದ ಕ್ರಮ

ಬ್ರಿಸ್ಟಲ್‌ನಲ್ಲಿ 2016ರಿಂದ ಇಡೀ ಪಾಲಿಕೆಗೆ ಒಟ್ಟಿಗೇ ಚುನಾವಣೆ ನಡೆಯುತ್ತದೆ; ಅವಧಿ ನಾಲ್ಕು ವರ್ಷ. 2020ರ ಚುನಾವಣೆ ಕೋವಿಡ್‌ನಿಂದಾಗಿ ಒಂದು ವರ್ಷ ಮುಂದೆ ಹೋದದ್ದರಿಂದ 2021ರಲ್ಲಿ ಗೆದ್ದವರಿಗೆ ಮೂರೇ ವರ್ಷ ಸಿಕ್ಕಿತು. ವಾರ್ಡಿನ ಗಾತ್ರ ನೋಡಿ ಒಬ್ಬ, ಇಬ್ಬರು ಇಲ್ಲವೇ ಮೂವರು ಸದಸ್ಯರು. ಮೂರು ಸ್ಥಾನದ ವಾರ್ಡಿನಲ್ಲಿ ಮತದಾರನಿಗೆ ಮೂರು ಮತ. ಒಂದೇ ಪಕ್ಷಕ್ಕೆ ಮೂರನ್ನೂ ಹಾಕಬಹುದು, ಹಂಚಲೂಬಹುದು. ಹೆಚ್ಚು ಮತ ಬಂದವರು ಗೆಲ್ಲುತ್ತಾರೆ, ಎರಡನೆಯ ಸುತ್ತಿಲ್ಲ. ಇದರಿಂದ ವಾರ್ಡೊಂದರಲ್ಲಿ ಸ್ವಲ್ಪವೇ ಮುಂದಿರುವ ಪಕ್ಷ ಅಲ್ಲಿನ ಎಲ್ಲ ಸ್ಥಾನಗಳನ್ನೂ ಬಾಚಿಕೊಳ್ಳುವುದು ಸಾಮಾನ್ಯ.

ಅಭ್ಯರ್ಥಿ ಠೇವಣಿ ಇಡಬೇಕಿಲ್ಲ. ನಾಮಪತ್ರಕ್ಕೆ ವಾರ್ಡಿನ ಇಬ್ಬರು ಮತದಾರರ ಸಹಿ ಸಾಕು. ಖರ್ಚಿಗೆ ಕಟ್ಟುನಿಟ್ಟಿನ ಮಿತಿಯಿದೆ: 960 ಪೌಂಡ್, ಜೊತೆಗೆ ವಾರ್ಡಿನ ಪ್ರತಿ ಮತದಾರನಿಗೆ 8 ಪೆನ್ಸ್. ಹಣವಿಲ್ಲದವರೂ ಕಣಕ್ಕಿಳಿಯಬಹುದಾದ ಈ ಏರ್ಪಾಡು ಇಂಗ್ಲಿಷ್ ಸ್ಥಳೀಯ ಚುನಾವಣೆಗಳ ಅತ್ಯಂತ ಆರೋಗ್ಯಕರ ಅಂಶ. ಸಣ್ಣ ಪಕ್ಷವೊಂದು ಒಂದೊಂದೇ ವಾರ್ಡು ಹಿಡಿದು ಬೆಳೆಯಲು ದಾರಿಯಾದದ್ದೂ ಇದರಿಂದಲೇ.

ಮತದಾನ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಯಂತ್ರವಿಲ್ಲ, ಕಾಗದದ ಮತಪತ್ರ, ಪೆನ್ಸಿಲ್, ಕೈಯಿಂದಲೇ ಎಣಿಕೆ. 2022ರ ಕಾಯ್ದೆಯಿಂದ ಕಡ್ಡಾಯವಾದ ಭಾವಚಿತ್ರದ ಗುರುತುಪತ್ರ ಬ್ರಿಸ್ಟಲ್‌ನ ಇಡೀ ಪಾಲಿಕೆಯ ಚುನಾವಣೆಯಲ್ಲಿ ಬಳಕೆಗೆ ಬಂದದ್ದು 2024ರಲ್ಲಿಯೇ ಮೊದಲು. ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ವಾಸಿಸುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತದಾನದ ಹಕ್ಕಿದೆ. ಹಾಗಾಗಿ ಓದಲೋ ದುಡಿಯಲೋ ಅಲ್ಲಿ ನೆಲೆಸಿದ ಕನ್ನಡಿಗರು ಭಾರತದ ಪೌರತ್ವ ಬಿಡದೆಯೇ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಮತಗಟ್ಟೆಯಲ್ಲಿ ಭಾರತದ ಪಾಸ್‌ಪೋರ್ಟ್ ತೋರಿಸಿದರೂ ನಡೆಯುತ್ತದೆ.

ಅಂಕಿಗಳು ಹೇಳುವುದು

2016ರಲ್ಲಿ ಲೇಬರ್ 37 ಸ್ಥಾನಗಳೊಂದಿಗೆ ಸ್ಪಷ್ಟ ಬಹುಮತ ಪಡೆದಿತ್ತು. ಗ್ರೀನ್ ಪಕ್ಷಕ್ಕಿದ್ದದ್ದು 11. ಐದು ವರ್ಷದ ಬಳಿಕ ಎರಡೂ ಪಕ್ಷ 24ರಲ್ಲಿ ಸಮನಾದವು. ಆ ಸಲವೇ ಮೇಯರ್ ಚುನಾವಣೆಯ ಎರಡನೆಯ ಸುತ್ತಿನಲ್ಲಿ ರೀಸ್‌ಗೆ ಎದುರಾಳಿಯಾಗಿ ಉಳಿದವರು ಗ್ರೀನ್ ಪಕ್ಷದ ಸ್ಯಾಂಡಿ ಹೋರ್-ರುತ್ವೆನ್. ರೀಸ್ ಗೆದ್ದರು. ಅವರ ಪಕ್ಷ 13 ಸ್ಥಾನ ಕಳೆದುಕೊಂಡಿದ್ದರೂ ಆಡಳಿತ ಅವರ ಕೈಯಲ್ಲೇ ಉಳಿಯಿತು. ಮೇಯರ್ ಪದ್ಧತಿಯಲ್ಲಿ ಪಾಲಿಕೆಯ ಫಲಿತಾಂಶಕ್ಕೆ ಎಷ್ಟು ಕಡಿಮೆ ಬೆಲೆಯಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

2024ರಲ್ಲಿ ಗ್ರೀನ್ 24ರಿಂದ 34ಕ್ಕೆ ಏರಿತು. ಲೇಬರ್ ಮೂರು ಕಳೆದುಕೊಂಡಿತು. 2016 ಮತ್ತು 2021ರಲ್ಲಿ 14 ಗೆದ್ದಿದ್ದ ಕನ್ಸರ್ವೇಟಿವ್ ಪಕ್ಷದ ಬಲ ಅರ್ಧಕ್ಕಿಳಿಯಿತು. ಲಿಬರಲ್ ಡೆಮಾಕ್ರಟರು ಮೂರೂ ಚುನಾವಣೆಗಳಲ್ಲಿ ಎಂಟೇ ಸ್ಥಾನ ಗೆದ್ದರು.

ನಕ್ಷೆಯನ್ನು ನೋಡಿದರೆ ಚಿತ್ರ ಇನ್ನೂ ತಿಳಿಯಾಗುತ್ತದೆ. ಆಶ್ಲಿ, ಸೆಂಟ್ರಲ್, ಕ್ಲಿಫ್ಟನ್, ಕ್ಲಿಫ್ಟನ್ ಡೌನ್, ಕೋಥಮ್, ಹಾಟ್‌ವೆಲ್ಸ್, ರೆಡ್‌ಲ್ಯಾಂಡ್ ಸೇರಿ ಆದ ಬ್ರಿಸ್ಟಲ್ ಸೆಂಟ್ರಲ್ ಪಾರ್ಲಿಮೆಂಟ್ ಕ್ಷೇತ್ರದ 14 ಸ್ಥಾನಗಳೂ ಗ್ರೀನ್ ಪಾಲಾದವು. ವಿಶ್ವವಿದ್ಯಾಲಯ, ಹಳೆಯ ಕಲ್ಲುಮನೆಗಳ ಸಾಲು, ಬಾಡಿಗೆಗೆ ಇರುವ ಯುವಜನರು ತುಂಬಿದ ಭಾಗ ಇದು. ದಕ್ಷಿಣದ ಅಂಚಿನ ಹಾರ್ಟ್‌ಕ್ಲಿಫ್‌ನಂಥ, ಪಾಲಿಕೆಯ ಬಾಡಿಗೆ ಮನೆಗಳ ಬಡಾವಣೆಗಳು ಲೇಬರ್ ಪಕ್ಷದ ಕೈಬಿಡಲಿಲ್ಲ. ಗ್ರೀನ್ ನಾಯಕ ಡೈಯರ್ ಬೆಳೆದದ್ದು ಅದೇ ಹಾರ್ಟ್‌ಕ್ಲಿಫ್‌ನಲ್ಲಿ, ಗೆದ್ದದ್ದು ನದಿಗೆ ಹತ್ತಿರದ ಸೌತ್‌ವಿಲ್‌ನಲ್ಲಿ. ಹದಿನೆಂಟು ವರ್ಷ ಹಿಂದೆ, 2006ರಲ್ಲಿ, ಬ್ರಿಸ್ಟಲ್ ಪಾಲಿಕೆಗೆ ಮೊದಲ ಗ್ರೀನ್ ಸದಸ್ಯನನ್ನು ಕಳಿಸಿದ್ದೂ ಸೌತ್‌ವಿಲ್ಲೇ.

ಈ ಬೆಳವಣಿಗೆಯನ್ನು ಸಿಟ್ಟಿನ ಮತ ಎಂದು ತಳ್ಳಿಹಾಕುವುದು ಅನ್ಯಾಯ. 2018ರ ನವೆಂಬರಿನಲ್ಲಿ ಗ್ರೀನ್ ಸದಸ್ಯೆ ಕಾರ್ಲಾ ಡೆನಿಯರ್ ತಂದ ಗೊತ್ತುವಳಿಯನ್ನು ಅಂಗೀಕರಿಸಿ, ಹವಾಮಾನ ತುರ್ತುಸ್ಥಿತಿ ಘೋಷಿಸಿದ ಬ್ರಿಟನ್ನಿನ ಮೊದಲ ಪಾಲಿಕೆಯಾಯಿತು ಬ್ರಿಸ್ಟಲ್. 2022ರ ನವೆಂಬರಿನಿಂದ ನಗರದ ನಡುಭಾಗಕ್ಕೆ ಬರುವ, ಹೊಗೆಯ ಮಾನದಂಡ ಮೀರಿದ ಹಳೆಯ ಕಾರುಗಳಿಗೆ ದಿನಕ್ಕೆ 9 ಪೌಂಡ್ ಶುಲ್ಕ ಜಾರಿಯಾಯಿತು. ಅದನ್ನು ತಂದದ್ದು ಲೇಬರ್ ಆಡಳಿತ. ಗಾಳಿ, ರಸ್ತೆ, ಬಾಡಿಗೆಯ ಪ್ರಶ್ನೆಗಳು ಇಲ್ಲಿ ಮತ ಕೇಳುವ ವಿಷಯಗಳಾಗಿ ಆಗಲೇ ಬೇರೂರಿದ್ದವು. ಗ್ರೀನ್ ಪಕ್ಷ ಆ ನೆಲವನ್ನು ವರ್ಷಗಟ್ಟಲೆ ಉತ್ತಿತ್ತು.

ದೇಶದ ಗಾಳಿ ಅಂದು ಬೇರೆ ಕಡೆಗೆ ಬೀಸುತ್ತಿತ್ತು. ಅದೇ ದಿನದ ಸ್ಥಳೀಯ ಚುನಾವಣೆಗಳಲ್ಲಿ ಕನ್ಸರ್ವೇಟಿವ್ ಪಕ್ಷ ಇಂಗ್ಲೆಂಡಿನಾದ್ಯಂತ 470ಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡಿತು, ಲೇಬರ್ 180ಕ್ಕೂ ಹೆಚ್ಚು ಗಳಿಸಿತು. ಎರಡು ತಿಂಗಳಲ್ಲಿ ಅದು ದೇಶದ ಅಧಿಕಾರಕ್ಕೂ ಬಂತು. ಅಂಥ ಹೊತ್ತಿನಲ್ಲಿ ಬ್ರಿಸ್ಟಲ್‌ನಲ್ಲಿ ಲೇಬರ್ ಹಿಂದೆ ಬಿದ್ದಿತು. ಜುಲೈ 4ರ ಸಾರ್ವತ್ರಿಕ ಚುನಾವಣೆಯಲ್ಲಿ ಬ್ರಿಸ್ಟಲ್ ಸೆಂಟ್ರಲ್‌ನಿಂದ ನಿಂತ ಡೆನಿಯರ್, ಲೇಬರ್‌ನ ಹಿರಿಯ ಸಂಸದೆ ತಂಗಮ್ ಡೆಬನೇರ್ ಅವರನ್ನು 10,407 ಮತಗಳ ಅಂತರದಿಂದ ಸೋಲಿಸಿದರು.

ಫಲಿತಾಂಶದ ಬಳಿಕ

ಮೇಯರ್ ಮತ್ತು ಸಂಪುಟದ ಜಾಗಕ್ಕೆ ಎಂಟು ನೀತಿ ಸಮಿತಿಗಳು ಬಂದವು. ವಸತಿ, ಸಾರಿಗೆ, ಮಕ್ಕಳು, ವಯಸ್ಕರ ಆರೈಕೆ, ಪರಿಸರ ಮುಂತಾಗಿ ಒಂದೊಂದು ಸಮಿತಿಗೆ ಒಂದೊಂದು ಹೊಣೆ. ಪಾಲಿಕೆಯಲ್ಲಿ ಪಕ್ಷಗಳಿಗಿರುವ ಬಲದ ಪ್ರಮಾಣದಲ್ಲೇ ಸಮಿತಿಯ ಸ್ಥಾನಗಳು ಹಂಚಿಕೆಯಾಗುತ್ತವೆ. ಆದ್ದರಿಂದ ಗ್ರೀನ್ ಪಕ್ಷಕ್ಕೆ ಯಾವ ಸಮಿತಿಯಲ್ಲೂ ತಾನೊಂದೇ ನಡೆಸಿಬಿಡುವ ಬಲವಿಲ್ಲ. ಪ್ರತಿ ತೀರ್ಮಾನಕ್ಕೂ ಇನ್ನೊಂದು ಪಕ್ಷದವರನ್ನು ಒಪ್ಪಿಸಬೇಕು. ತೀರ್ಮಾನ ನಿಧಾನವಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಏಳು ಸ್ಥಾನದ ಪಕ್ಷದ ಸದಸ್ಯನೂ ಈಗ ಮತ ಹಾಕುವ ಮೇಜಿನಲ್ಲಿ ಕೂತಿದ್ದಾನೆ ಎಂಬುದೂ ಅಷ್ಟೇ ನಿಜ.

ಅಧಿಕಾರದ ಕಷ್ಟ ಬೇಗನೆ ಎದುರಾಯಿತು. 2025ರ ಆರಂಭದಲ್ಲಿ ಕಪ್ಪು ಕಸದ ಡಬ್ಬಿಗಳನ್ನು ನಾಲ್ಕು ವಾರಕ್ಕೊಮ್ಮೆ ಮಾತ್ರ ಖಾಲಿ ಮಾಡುವ ಸಲಹೆಗೆ ಜನ ತಿರುಗಿಬಿದ್ದಾಗ ಪಾಲಿಕೆ ಅದನ್ನು ಕೈಬಿಟ್ಟಿತು. ಅದೇ ಮಾರ್ಚಿನಲ್ಲಿ ಪೂರ್ವ ಬ್ರಿಸ್ಟಲ್‌ನ ಬಾರ್ಟನ್ ಹಿಲ್‌ನಲ್ಲಿ ವಾಹನ ಸಂಚಾರ ತಗ್ಗಿಸುವ ತಡೆಗಳನ್ನು ನಿವಾಸಿಗಳ ವಿರೋಧದ ನಡುವೆ, ಪೊಲೀಸರ ಕಾವಲಿನಲ್ಲಿ, ಬೆಳಗಿನ ಜಾವದ ಕತ್ತಲಲ್ಲಿ ಹಾಕಿಸಲಾಯಿತು. ಜನರ ಮಾತು ಕೇಳುವ ಆಡಳಿತ ತರುತ್ತೇವೆಂದು ಗೆದ್ದವರಿಗೆ ಅದು ಶೋಭಿಸುವ ರೀತಿಯಾಗಿರಲಿಲ್ಲ.

ಮೇಯರ್ ಎಂಬ ಹೆಸರು ಮಾತ್ರ ಬ್ರಿಸ್ಟಲ್ ಬಿಟ್ಟು ಹೋಗಿಲ್ಲ. ಸಭೆಗಳ ಅಧ್ಯಕ್ಷತೆ ವಹಿಸುವ, ಗೌರವದ ಹುದ್ದೆಯಾದ ಲಾರ್ಡ್ ಮೇಯರ್ 1899ರಿಂದ ಇದ್ದಾರೆ. ಅವರನ್ನು ಸದಸ್ಯರು ವರ್ಷಕ್ಕೊಮ್ಮೆ ಆರಿಸುತ್ತಾರೆ. ಬ್ರಿಸ್ಟಲ್, ದಕ್ಷಿಣ ಗ್ಲಾಸ್ಟರ್‌ಶೈರ್ ಮತ್ತು ಬಾತ್ ಪ್ರದೇಶಗಳಿಗೆ ಒಟ್ಟಾಗಿ ಪ್ರಾದೇಶಿಕ ಮೇಯರ್ ಬೇರೆ. ಆ ಹುದ್ದೆಗೆ 2025ರ ಮೇ 1ರಂದು ನಡೆದ ಚುನಾವಣೆಯಲ್ಲಿ ಲೇಬರ್‌ನ ಹೆಲೆನ್ ಗಾಡ್ವಿನ್ ಸುಮಾರು ಶೇ. 25 ಮತ ಪಡೆದು ಗೆದ್ದರು. ರಿಫಾರ್ಮ್ ಪಕ್ಷದ ಆರನ್ ಬ್ಯಾಂಕ್ಸ್ ಎರಡನೆಯವರು, ಗ್ರೀನ್ ಅಭ್ಯರ್ಥಿ ಮೇರಿ ಪೇಜ್ ಮೂರನೆಯವರು. ನಗರ ಪಾಲಿಕೆಯ 70 ಸ್ಥಾನಗಳಿಗೆ ಮುಂದಿನ ಚುನಾವಣೆ ನಿಗದಿಯಾಗಿರುವುದು 2028ರ ಮೇ ತಿಂಗಳಿಗೆ.